ಬಾರದ ಕೈ

ಒಬ್ಬರ ಬಾಯಿಂದ ಒಂದೇ ಮಾತನ್ನು ಮೂರು ಸಲ ಕೇಳಿದವರು ಅದನ್ನು ನಂಬಿಯೇಬಿಡುತ್ತಾರೆ. ಎರಡನೆಯ ಸಲಕ್ಕೇ ಕೈ ಸೋತು ಮೇಲೇಳದ ಕಾರಣ ನಮ್ಮ ಕಿವಿ ನಾವೇ ಮುಚ್ಚಿಕೊಳ್ಳಲಾಗದು. ಅದಕ್ಕೇ ಸಂತೆಯ ಹೆಂಗಸರಾದ ನಾವು ಭಾಷಣಕ್ಕೆ ಜೋಡಿಯಾಗಿ ಕೂರುತ್ತೇವೆ. ಒಬ್ಬಳು ತನ್ನ ಕಿವಿಗೆ ಹತ್ತಿ ತುರುಕಿಕೊಂಡು ಭಾಷಣಕಾರನ ತುಟಿ ನೋಡುತ್ತಾಳೆ, ಮೂರನೆಯ ಸಲಕ್ಕೆ, ಭಾಷಣ ಕೇಳುತ್ತಿರುವ ಇನ್ನೊಬ್ಬಳ ಕಿವಿ ಮುಚ್ಚುತ್ತಾಳೆ.

ಇಂದು "ಸಂತೀ ಜಾಗ ಬಿಟ್ಟರ ನಿಮಗ ಚಲೋ" ಎಂಬ ಭಾಷಣಕಾರನ ಮಾತು ನನಗೆ ಮೂರು ಸಲವೂ ಕೇಳಿಸಿತು. ನನ್ನ ಜೋಡಿ ತಂಗೆವ್ವನ ಕೈ ಬರಲಿಲ್ಲ. ನಾನು ನಗುನಗುತ್ತಾ ಜಾಗ ಬಿಡುವ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದೆ.

ತಂಗೆವ್ವ ಹತ್ತಿ ತೆಗೆದು ಸೆರಗಿಗೆ ಕಟ್ಟಿಕೊಳ್ಳುವಾಗ ಅಲ್ಲಿ ಭಾಷಣಕಾರ ಕಟ್ಟಿಸಿದ ಹೊಸ ಮಳಿಗೆಯ ಕೀಲಿ ಕಂಡಿತು.

"ಯಾಕ ಮುಚ್ಚಲಿಲ್ಲ?" ಎಂದೆ.

"ನಾ ನಿನಗ ಮೋಸ ಮಾಡಿಲ್ಲ," ಎಂದಳು. ಮುಖ ನೋಡದೆ ಮತ್ತೆ ಅದನ್ನೇ ಹೇಳಿದಳು.

ನನ್ನ ಕೈಗಳು ಸೋತಿವೆ. ಅವಳು ಇನ್ನೊಮ್ಮೆ ಬಾಯಿ ತೆರೆಯುತ್ತಿದ್ದಾಳೆ. ಕಿವಿ ಮುಚ್ಚಲು ನನಗಿದ್ದವಳು ಇವಳೊಬ್ಬಳೇ.