ಸೋಮವಾರದ ಚೀಟಿ

"ಈ ಇಂಜೆಕ್ಷನ್ ಕೇಳೋರೇ ಇಲ್ಲಮ್ಮ, ಅದಕ್ಕೇ ಸರ್ಕಾರ ಖರೀದಿ ಮಾಡಲ್ಲ," ಎಂದಿದ್ದ ಆಸ್ಪತ್ರೆಯ ಫಾರ್ಮಸಿಸ್ಟ್. ಹುಟ್ಟಿನಿಂದಲೇ ರಕ್ತ ಹೆಪ್ಪುಗಟ್ಟದ ಕಾಯಿಲೆಯಿದ್ದ ಮಗನ ಗಾಯದ ರಕ್ತ ನಿಲ್ಲುತ್ತಿಲ್ಲವೆಂದು ಡಾಕ್ಟರ ಚೀಟಿ ತಂದಿದ್ದ ತಾಯಿ ಅದನ್ನು ವಾಪಸ್ ಪಡೆದು ಹೋಗಿದ್ದಳು. ಅಂದು ಸೋಮವಾರ.

ಅಲ್ಲಿಂದ ಪ್ರತಿ ಸೋಮವಾರವೂ ಅದೇ ಚೀಟಿ ಹಿಡಿದು ಕಿಟಕಿಗೆ ಬಂದಳು. ಅವನು ಪ್ರತಿ ಸಲವೂ ಬೇಡಿಕೆ ಬರೆದು ಮೇಲಕ್ಕೆ ಕಳಿಸಿದ. ಎರಡು ವರ್ಷದಲ್ಲಿ, ಸೋಮವಾರ ಬಂತೆಂದರೆ ಅವನು ಬೆಳಿಗ್ಗೆಯೇ ಬೇಡಿಕೆಯ ಹಾಳೆ ತೆಗೆದಿಟ್ಟುಕೊಳ್ಳುವಂತಾಗಿತ್ತು. ಕನಸಿನಲ್ಲೂ ಕಿಟಕಿಯೊಳಗೆ ಚಾಚಿದ ಆ ಕೈ.

ಕೊನೆಗೂ ಇಂಜೆಕ್ಷನ್ ಬಂತು. ಅವಳನ್ನು ಕಂಡವನೇ ಹೊರಗೋಡಿದ.

"ಬಂತಮ್ಮಾ! ಮಗನ್ನ ಕರ್ಕೊಂಬನ್ನಿ."

ಆಕೆ ಚೀಟಿ ಮಡಚಿ ಸೆರಗಿಗೆ ಕಟ್ಟಿಕೊಂಡಳು.

"ಬೆಂಚಿನ ಮೇಲೆ ಆ ಹೆಂಗಸಿನ ಮಡಿಲಲ್ಲಿರೋ ಕೂಸಿಗೂ ಇದೇ ಕಾಯಿಲೆಯಂತೆ. ಅದಕ್ಕೆ ಹಾಕ್ಸಿ ಸ್ವಾಮಿ."

"ಮತ್ತೆ ನಿಮ್ಮ ಮಗನಿಗೆ?"

"ಅವನು ಆ ಮೊದಲನೇ ಸೋಮವಾರವೇ ತೀರ್ಕೊಂಡ. ನಾನೂ ಬರದೇ ಇದ್ದಿದ್ರೆ, ಕೇಳೋರೇ ಇಲ್ಲ ಅಂತಿದ್ರಲ್ಲ."