ಕೀಲಿನಲ್ಲಿ ಮೂಡಿದ ಹನಿ

ಪಂಪ್ ಶುರುವಾಗಿ ನಿಮಿಷವೂ ಆಗಿರಲಿಲ್ಲ, ಕೊಳವೆಯ ಕೀಲಿನಲ್ಲಿ ಒಂದು ಹನಿ ಮೂಡಿದ್ದನ್ನು ಬಿಲ್ಯಾನಾ ಕಂಡಳು. ಶೂ ಡಬ್ಬಿಯಷ್ಟು ಪುಟ್ಟ ಪೆಟ್ಟಿಗೆಯಲ್ಲಿ ಅವಳೇ ಜೋಡಿಸಿದ ಗೇಮಿಂಗ್ ಕಂಪ್ಯೂಟರ್ ಅದು. ಸದ್ದು ಮಾಡುವ ಫ್ಯಾನುಗಳ ಬದಲು ಅದನ್ನು ತಣಿಸುವುದು ನೀರು. ಹನಿಯ ನೇರ ಕೆಳಗೆ, ಎರಡು ವರ್ಷ ಕಾದು ಕೊಂಡ ಗ್ರಾಫಿಕ್ಸ್ ಕಾರ್ಡ್. ಕೀಲನ್ನು ಬಿಗಿಗೊಳಿಸಲು ಅವಳು ಕೈ ಹಾಕಿದಳು.

"ತಿರುಗಿಸ್ಬೇಡ," ಎಂದ ಬಾಗಿಲಲ್ಲಿ ನಿಂತಿದ್ದ ಅಪ್ಪ ಸ್ತಾಮೆನ್. ಪೆರ್ನಿಕ್ ಪಟ್ಟಣದ ಮನೆಗಳಿಗೆ ಮೂವತ್ತು ವರ್ಷ ಬಿಸಿನೀರಿನ ಕೊಳವೆ ಜೋಡಿಸಿದವನು. ಈ ಕಂಪ್ಯೂಟರನ್ನು ಆಟಿಕೆ ಎಂದು ಅವನು ಹೀಯಾಳಿಸಿದ ದಿನದಿಂದ ಅವಳು ಅವನನ್ನು ಕೋಣೆಗೆ ಬಿಟ್ಟಿರಲಿಲ್ಲ.

"ಸೋರ್ತಾ ಇದೆಯಲ್ಲಪ್ಪ."

"ಬಿಗಿ ಮಾಡಿದ್ರೆ ಇನ್ನೂ ಸೋರುತ್ತೆ. ಒಳಗೆ ರಬ್ಬರ್ ಉಂಗುರ ಮಡಚ್ಕೊಂಡಿದೆ. ಪಂಪ್ ನಿಲ್ಸಿ, ಪೆಟ್ಟಿಗೇನ ಮೆಲ್ಲಗೆ ಮಗ್ಗುಲಿಗೆ ಮಲಗಿಸಿ ಬಿಚ್ಚು."

ಹನಿ ದಪ್ಪಗಾಗಿ ತೂಗಾಡಿತು. ಅವಳು ಅಪ್ಪನ ಮುಖ ನೋಡಿದಳು. ಹನಿಯನ್ನು ಬೆರಳಿನಿಂದ ಒರೆಸಿ, ಅವನು ಹೇಳಿದಂತೆಯೇ ಮಾಡಿದಳು. ಉಂಗುರ ನಿಜಕ್ಕೂ ಮಡಚಿಕೊಂಡಿತ್ತು. ಅವಳ ಬಳಿಯಿದ್ದ ಹೊಸದೊಂದನ್ನು ಅವನೇ ನೀರಿನಲ್ಲಿ ಅದ್ದಿ ಕೂರಿಸಿದ.

ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ, ಬಿಲ್ಯಾನಾ ಹಿಂಬದಿಯ ಗುಂಡಿ ಒತ್ತಿದಳು. ಇಬ್ಬರೂ ಕೀಲನ್ನೇ ನೋಡಿದರು. ಹನಿ ಮೂಡಲಿಲ್ಲ.

"ಸರಿ, ಇನ್ನು ಪಂಪ್ ಶುರು ಮಾಡೇ," ಎಂದ ಅಪ್ಪ.

"ಆಗ್ಲೇ ಓಡ್ತಾ ಇದೆಯಪ್ಪ. ಸದ್ದೇ ಬರಲ್ಲ."

ಸ್ತಾಮೆನ್ ಪೆಟ್ಟಿಗೆಗೆ ಕಿವಿ ತಾಗಿಸಿ ಬಹಳ ಹೊತ್ತು ಆಲಿಸಿದ. ಆಮೇಲೆ ಕುರ್ಚಿ ಎಳೆದುಕೊಂಡು, "ಹೆಂಗೆ ಮಾಡ್ದೆ ಇದನ್ನ? ನಂಗೂ ಹೇಳ್ಕೊಡು," ಎಂದ.