ಏಸಿಯೊಳಗಿನ ಗಿಲಕಿ

"ಎಂಜಿನ್ ಬಂದ್ ಮಾಡಣ್ಣ, ಫ್ಯಾನ್ ಅಷ್ಟ ತಿರುಗಲಿ," ಎಂದು ಮೆಕ್ಯಾನಿಕ್ ಸಂಘಮಿತ್ರಾ ಡ್ಯಾಶ್‌ಬೋರ್ಡಿಗೆ ಕಿವಿಯಿಟ್ಟಳು. ಎಂಜಿನ್ ನಿಂತರೂ ಏಸಿಯೊಳಗೆ ಗಿಲಕಿ ಆಡಿಸಿದಂಥ ಸದ್ದು ನಿಲ್ಲಲಿಲ್ಲ.

"ಕಂಪ್ರೆಸರ್ ಹೋಗೈತೇನ ತಂಗಿ?" ಡ್ರೈವರ್ ಮಾರೇಶ್ ಕೇಳಿದ. ಹೋಗಿದ್ದರೆ ಕಾರು ಕೂಡ್ಲಿಗಿಯ ಈ ಗ್ಯಾರೇಜಿನಲ್ಲಿ ವಾರಗಟ್ಟಲೆ ನಿಲ್ಲಬೇಕು. ಹೊಸಹಳ್ಳಿಯ ಶಿವಬಸಮ್ಮನನ್ನು ವಾರಕ್ಕೆರಡು ಸಲ ಹೊಸಪೇಟೆಗೆ ಡಯಾಲಿಸಿಸ್‌ಗೆ ಕರೆದೊಯ್ಯುವವನು ಅವನೇ. ಈ ಬಿಸಿಲಲ್ಲಿ ಏಸಿ ಇಲ್ಲದಿದ್ದರೆ ಆಕೆಗೆ ತಲೆ ಸುತ್ತು ಬರುತ್ತಿತ್ತು. ಇವತ್ತೂ ಹೊರಟವರು ಸದ್ದಿಗೆ ಹೆದರಿ ಇಲ್ಲಿ ನಿಂತಿದ್ದರು. ಆಕೆ ಸ್ಟೂಲಿನ ಮೇಲೆ ಕುಳಿತು ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದಳು.

"ಕಂಪ್ರೆಸರ್ ಆಗಿದ್ರ ಎಂಜಿನ್ ಜೊತಿಗೇ ಸುಮ್ಮನಾಗ್ತಿತ್ತು. ಇದು ಫ್ಯಾನಿನಾಗ ಐತಿ." ಸಂಘಮಿತ್ರಾ ಫ್ಯಾನು ಬಿಚ್ಚಿ ಅಂಗೈಗೆ ಬಗ್ಗಿಸಿದಳು. ಬಿಳಿಜೋಳದ ಕಾಳು ಉದುರಿದವು. "ವೈಪರ್ ಬುಡದ ಜಾಲರಿಯಿಂದ ಒಳಗ ಇಳಿದಾವ. ಮಾರೇಶಣ್ಣ, ಜೋಳ ಒಣಗಿಸಾಕ ಬಾನೆಟ್ಟೇ ಬೇಕಾಗಿತ್ತೇನು?"

ಆಸ್ಪತ್ರೆಯ ಮುಂದೆ ಸಾಲಾಗಿ ನಿಂತ ಕಾರುಗಳಲ್ಲಿ ಗುಬ್ಬಿಗಳು ತನ್ನ ಕಾರಿಗೇ ಯಾಕೆ ಮುತ್ತುತ್ತವೆಂದು ಮಾರೇಶ್‌ಗೆ ಈಗ ಹೊಳೆಯಿತು. ಪ್ರತಿ ಸಲ ಬೈದುಕೊಂಡೇ ಅವನು ಹಿಕ್ಕೆ ಒರೆಸುತ್ತಿದ್ದ. ತಿರುಗಿ ನೋಡಿದ. ಶಿವಬಸಮ್ಮ ಸೆರಗಿನ ತುದಿಯ ಕಾಳಿನ ಗಂಟನ್ನು ಮೆಲ್ಲಗೆ ಮುಷ್ಟಿಯಲ್ಲಿ ಮುಚ್ಚಿಕೊಂಡಳು.

"ನಾನ ಹಾಕಿದ್ದೆ ತಂಗಿ, ಗುಬ್ಬಿಗೆ," ಎಂದ ಮಾರೇಶ್. ಆಮೇಲೆ ತನ್ನ ಬುತ್ತಿ ಡಬ್ಬಿಯ ಮುಚ್ಚಳ ತೆಗೆದು, ಸಂಘಮಿತ್ರಾಳ ಅಂಗೈಯ ಕಾಳುಗಳನ್ನು ಆ ಮುಚ್ಚಳಕ್ಕೆ ಸುರಿದು, ಶಿವಬಸಮ್ಮನ ಮುಂದೆ ಹಿಡಿದ.

"ಹಿಡೀರಿ ಅಜ್ಜಿ. ಇನ್ನ ಮ್ಯಾಲ ಇದರಾಗ ಹಾಕಿ ಆಸ್ಪತ್ರಿ ಮುಂದಿನ ಮರದ ಬುಡಕ್ಕ ಇಡೋಣ."